ಪಾಂಡವರ ಎರಡು ಉತ್ತರಯಾತ್ರೆಗಳು

ನಂಜನಗೂಡಿಗೆ ದಕ್ಷಿಣಕಾಶಿಯೆಂದೂ ತಿರುಮಕೂಡಲಿಗೆ ದಕ್ಷಿಣಪ್ರಯಾಗವೆಂದೂ ಹೆಸರು. ಕಪಿಲೆಯ ದಡದಲ್ಲಿ ಶ್ರೀಕಂಠೇಶ್ವರನ ಸನ್ನಿಧಿ. ಅದೇ ಕಪಿಲೆಯು ಮುಂದೆ ಹರಿದು ಕಾವೇರಿಯನ್ನು ಕೂಡುವೆಡೆಯಲ್ಲಿ, ಗುಪ್ತವಾಗಿ ಬಂದು ಸೇರುವುದೆಂದು ನಂಬಿರುವ ಸ್ಫಟಿಕಸರೋವರವನ್ನೂ ಎಣಿಕೆಗೆ ತಂದುಕೊಂಡು, ತ್ರಿವೇಣೀಸಂಗಮ. ನರಸೀಪುರದ ಗುಂಜಾನರಸಿಂಹಸ್ವಾಮಿಯ ಕ್ಷೇತ್ರಕ್ಕೆ ಕಾಶಿಗಿಂತ ಒಂದು ಗುಲಗಂಜಿಯ ತೂಕದಷ್ಟು ಪುಣ್ಯ ಹೆಚ್ಚೆಂದು ಸ್ಥಳದವರ ನಂಬಿಕೆ. ಉತ್ತರದೇಶವನ್ನು ಹೀಗೆ ಮನೆಯ ಬಾಗಿಲಿಗೇ ಕರೆತಂದುಕೊಂಡ ಜನಕ್ಕೆ ಹಿಮಾಲಯದ ಚಳಿಯೂ ಮಳೆಯೂ ಬಹುಕಾಲ ಕಿವಿಯ ಮೂಲಕವೇ ಪರಿಚಿತವಾದವು. 1931ರಲ್ಲಿ ನಾಲ್ವಡಿ ಕೃಷ್ಣರಾಜ ಒಡೆಯರು ಕೈಲಾಸ ಮಾನಸಸರೋವರಗಳ ಯಾತ್ರೆಯನ್ನು ಮಾಡಿ ಬಂದರು; ಇಂದು ಬದರಿಯವರೆಗೂ ಮೋಟಾರು ರಸ್ತೆಯಿರುವುದರಿಂದ ಈ ಎರಡು ಊರುಗಳಿಂದಲೂ ಗುಂಪುಗುಂಪಾಗಿ ಹೋಗಿ ಬರುವವರುಂಟು. ಆದರೂ ಬಹುಪಾಲು ಮನೆಗಳಲ್ಲಿ ಉತ್ತರದ ದಾರಿಯೆಂದರೆ ಭಾರತದ ದಾರಿಯೇ. ಅದನ್ನು ಕಾಣಿಸಿದವರು ಗಮಕಿಗಳೇ.

ಮಳೆಗೂ ಭಾರತಕ್ಕೂ ಕನ್ನಡನಾಡಿನಲ್ಲಿ ಹಳೆಯ ನಂಟು. ಮಳೆ ಹಿಂದೆಗೆದ ವರ್ಷ ವಿರಾಟಪರ್ವವನ್ನು ಓದಿಸುವ ಪದ್ಧತಿ ಹಳ್ಳಿಗಳಲ್ಲಿ ಉಂಟು. ಮಳೆ ಮಿತಿಮೀರಿ ಕಪಿಲೆಯು ಸೋಪಾನಗಳನ್ನು ನುಂಗಿ, ಪರಶುರಾಮನ ಗುಡಿಯ ಸುತ್ತ ನೀರು ನಿಂತು, ಹೊರಗೆ ಹೋಗುವಂತಿಲ್ಲದ ಸಂಜೆಗಳಲ್ಲಿಯೂ ಓದಿಸುವುದು ಭಾರತವನ್ನೇ. ಆದಿಪರ್ವದಿಂದ ಮೊದಲಾದ ಓದು ತಿಂಗಳುಗಟ್ಟಲೆ ನಡೆದು, ಗದಾಪರ್ವ ಮುಗಿದು, ಧರ್ಮರಾಯನಿಗೆ ಪಟ್ಟವಾದ ದಿನ ಮಂಗಳಾರತಿ, ಪಾನಕ, ಕೋಸಂಬರಿ, ಗಮಕಿಗೆ ಶಾಲು, ತಾಂಬೂಲ. ಅಲ್ಲಿಗೆ ಭಾರತ ಮುಗಿಯಿತೆಂದು ಎಲ್ಲರೂ ಏಳುವರು. ಮುಗಿಯಲಿಲ್ಲವೆಂಬುದನ್ನು ಬಲ್ಲವರೂ ಏಳುವರು. ಈ ಲೇಖನದ ವಿಚಾರವೆಂದರೆ ಹೀಗೆ ಏಳುವುದರಿಂದ ಕೇಳುವವರಿಗೆ ಆಗುವ ನಷ್ಟವೇನು ಎಂಬುದೇ.

ವ್ಯಾಸಭಾರತದಲ್ಲಿ ಪಾಂಡವರು ದ್ರೌಪದಿಯೊಡನೆ ಕೂಡಿ ಹಿಮವಂತವನ್ನು ಏರುವ ದೊಡ್ಡ ಸಂದರ್ಭಗಳು ಎರಡು. ವನಪರ್ವದ ತೀರ್ಥಯಾತ್ರೆಯ ಕೊನೆಯಲ್ಲಿ ಗಂಧಮಾದನಕ್ಕೆ ಹೋಗುವುದು ಮೊದಲನೆಯದು, ಮಹಾಪ್ರಸ್ಥಾನವು ಎರಡನೆಯದು. ಬೆಟ್ಟವೂ ಅದೇ ದಿಕ್ಕಿನದು, ನಡೆಯುವವರೂ ಅವರೇ, ದಾರಿಯಲ್ಲಿ ಮೊದಲು ಬೀಳುವವಳೂ ಅವಳೇ. ಒಂದು ಸಲ ಅವಳು ಬಿದ್ದಾಗ ಗುಂಪೆಲ್ಲವೂ ನಿಲ್ಲುವುದು. ಇನ್ನೊಂದು ಸಲ ಬಿದ್ದಾಗ ಯಾರೂ ನಿಲ್ಲುವುದಿಲ್ಲ. ಮಹಾಕವಿಯೊಬ್ಬನು ಒಂದೇ ಘಟನೆಯನ್ನು ಹೀಗೆ ಎರಡು ಸಾರಿ ತಂದಿಟ್ಟಿರುವಾಗ ಅದನ್ನು ಆಕಸ್ಮಿಕವೆಂದು ತಳ್ಳಿಹಾಕುವುದು ವಿವೇಚನೆಯ ಲಕ್ಷಣವಲ್ಲ.

ಮೊದಲನೆಯ ಯಾತ್ರೆಯ ಹೊರಡುವಿಕೆಯನ್ನು ಗಮನಿಸಬೇಕು. ಅರ್ಜುನನು ಅಸ್ತ್ರಗಳಿಗಾಗಿ ಇಂದ್ರಲೋಕಕ್ಕೆ ಹೋಗಿ ಐದು ವರ್ಷಗಳಾಗಿವೆ. ಅವನನ್ನು ಎದುರುಗೊಳ್ಳಬೇಕೆಂಬ ಆಸೆಯಿಂದ ಉಳಿದವರು ಲೋಮಶಮಹರ್ಷಿಯನ್ನು ಮುಂದಿಟ್ಟುಕೊಂಡು ಉತ್ತರಕ್ಕೆ ಬಂದಿದ್ದಾರೆ. ದಾರಿಯ ಕಷ್ಟವನ್ನು ಕೇಳಿದ ಧರ್ಮರಾಯನು, ತಾನೂ ನಕುಲನೂ ಲೋಮಶನೂ ಮಾತ್ರ ಅಲ್ಪಾಹಾರಿಗಳಾಗಿ ಮುಂದೆ ಹೋಗುವೆವು, ಭೀಮನು ದ್ರೌಪದಿಯನ್ನೂ ಸಹದೇವನನ್ನೂ ಪರಿವಾರವನ್ನೂ ಕರೆದುಕೊಂಡು ಗಂಗಾದ್ವಾರದಲ್ಲಿಯೇ ಇರಲಿ ಎನ್ನುವನು. ಹಿರಿಯನಿಗೆ ತಕ್ಕ ಮಾತು. ಭೀಮನು ಒಪ್ಪುವುದಿಲ್ಲ. ದಣಿದಿದ್ದರೂ ದುಃಖದಲ್ಲಿದ್ದರೂ ಇವಳು ಅರ್ಜುನನನ್ನು ಕಾಣಲು ಬಂದೇ ಬರುವಳು. ನಡೆಯಲಾರದ ಕಡೆ ಇವಳನ್ನು ನಾನು ಹೊರುವೆನು, ಅವಳಿಗಳನ್ನೂ ಹೊರುವೆನು ಎಂದು ಅವನ ವಾದ. ದ್ರೌಪದಿಯು ನಸುನಕ್ಕು, ನನ್ನ ವಿಷಯದಲ್ಲಿ ಚಿಂತೆ ಬೇಡ, ನಾನು ಬರುವೆನು ಎನ್ನುವಳು. ಯಾತ್ರೆಗೆ ಹೊರಡುವ ಯಾವ ಮನೆಯ ಜಗುಲಿಯ ಮೇಲೂ ಇಂದಿಗೂ ಕೇಳಬಹುದಾದ ಮಾತುಗಳಿವು: ನೀವು ಇಲ್ಲೇ ಇರಿ ಎನ್ನುವ ಯಜಮಾನ, ಎತ್ತಿಕೊಂಡಾದರೂ ಹೋಗೋಣವೆನ್ನುವ ತಮ್ಮ, ಬರುತ್ತೇನೆ ಎನ್ನುವ ಮನೆಯಾಕೆ. ಮಹಾಕಾವ್ಯದ ಗಾಂಭೀರ್ಯಕ್ಕೆ ಇದರಿಂದ ಏನೂ ಊನವಾಗಿಲ್ಲ.

ಅನಂತರ ಕುಲಿಂದರ ಅರಸನಾದ ಸುಬಾಹುವಿನ ನಾಡು. ಕಿರಾತರೂ ತಂಗಣರೂ ತುಂಬಿರುವ ಸೀಮೆ. ಅಲ್ಲಿ ಇಂದ್ರಸೇನನೇ ಮೊದಲಾದ ಸೇವಕರನ್ನೂ ಅಡುಗೆಯವರನ್ನೂ ದ್ರೌಪದಿಯ ಪರಿಕರವನ್ನೂ ಆ ಅರಸನ ವಶಕ್ಕೆ ಒಪ್ಪಿಸಿ, ಎಲ್ಲರೂ ಕಾಲುನಡಿಗೆಯಿಂದ ಮುಂದೆ ಹೊರಡುವರು. ಬೆಟ್ಟದ ಸೀಮೆಯ ಪ್ರಯಾಣವನ್ನು ಬಲ್ಲವನು ಮಾತ್ರ ಬರೆಯಬಹುದಾದ ವಿವರವಿದು. ಸಾಮಾನು ಎಲ್ಲಿ ಉಳಿಯಿತು, ಯಾರ ಬಳಿ ಉಳಿಯಿತು, ಅಡುಗೆಯವನು ಎಲ್ಲಿಂದ ಹಿಂದೆ ನಿಂತನು ಎಂಬುದನ್ನು ಹೇಳದೆ ಮುಂದಿನ ಹೆಜ್ಜೆಯನ್ನು ಇಡುವುದಿಲ್ಲ ವ್ಯಾಸರು.

ಗಂಧಮಾದನವನ್ನು ಹೊಕ್ಕೊಡನೆ ಗಾಳಿ ಏಳುವುದು. ಧೂಳೂ ತರಗೆಲೆಯೂ ತುಂಬಿ ಕತ್ತಲೆ ಕವಿಯುವುದು. ಒಬ್ಬರಿಗೊಬ್ಬರು ಕಾಣರು, ಒಬ್ಬರ ಮಾತು ಒಬ್ಬರಿಗೆ ಕೇಳದು. ಮರಗಳು ಮುರಿದು ಬೀಳುವ ಸದ್ದಿಗೆ ಆಕಾಶವೇ ಬೀಳುವುದೋ ಬೆಟ್ಟವೇ ಸೀಳುವುದೋ ಎಂದು ದಿಗ್ಭ್ರಮೆ. ಇಂತಹ ಎಡೆಯಲ್ಲಿ ಸಾಮಾನ್ಯ ಕವಿಯಾದರೆ ಗಾಳಿಯನ್ನೇ ಹಿಡಿದು ಹತ್ತು ಉತ್ಪ್ರೇಕ್ಷೆಗಳನ್ನು ಕಟ್ಟುವನು. ವ್ಯಾಸರು ಮಾಡುವುದು ಬೇರೆ: ಯಾರು ಎಲ್ಲಿ ಅಡಗಿದರೆಂದು ಒಬ್ಬೊಬ್ಬರನ್ನಾಗಿ ಹೇಳುವರು. ಭೀಮನು ಬಿಲ್ಲನ್ನು ಹಿಡಿದು ದ್ರೌಪದಿಯೊಡನೆ ಒಂದು ಮರವನ್ನು ಆಶ್ರಯಿಸಿದನು. ಧರ್ಮರಾಯನೂ ಧೌಮ್ಯನೂ ಕಾಡಿನೊಳಗೆ ಮರೆಯಾದರು. ಸಹದೇವನು ಅಗ್ನಿಹೋತ್ರದ ಬೆಂಕಿಯನ್ನು ಎತ್ತಿಕೊಂಡು ಬೆಟ್ಟದ ಮರೆಗೆ ಸೇರಿದನು. ನಕುಲನೂ ಲೋಮಶನೂ ಬ್ರಾಹ್ಮಣರೂ ಸಿಕ್ಕ ಸಿಕ್ಕ ಮರಗಳ ಬುಡದಲ್ಲಿ ನಿಂತರು. ಈ ಪಟ್ಟಿಯೇ ಇಲ್ಲಿ ಕಾವ್ಯ. ಬಿರುಗಾಳಿಯಲ್ಲಿ ಚೆದರಿದ ಗುಂಪಿನ ಹಿರಿಯನ ಮನಸ್ಸು ಎಣಿಸುವುದು ಇದನ್ನೇ ಅಲ್ಲವೆ? ಅದರಲ್ಲಿಯೂ ಬೆಂಕಿಯನ್ನು ಹೊತ್ತು ಓಡುವ ಸಹದೇವನ ಚಿತ್ರವು ಮರೆಯತಕ್ಕದ್ದಲ್ಲ. ಗಾಳಿ ಇಳಿದು ಧೂಳು ಅಡಗುವಷ್ಟರಲ್ಲಿ ಆಲಿಕಲ್ಲಿನೊಡನೆ ಧಾರಾಕಾರವಾದ ಮಳೆ. ಕೆಸರಿನಿಂದ ಕದಡಿ ನೊರೆಗೂಡಿ ನುಗ್ಗುವ ತೊರೆಗಳು. ಮರಗಳನ್ನು ಕಿತ್ತು ಸೆಳೆದೊಯ್ಯುವ ಪ್ರವಾಹ. ಮಳೆ ನಿಂತು ಸೂರ್ಯನು ಕಂಡಾಗ ಎಲ್ಲರೂ ಮೆಲ್ಲಮೆಲ್ಲನೆ ಹೊರಗೆ ಬಂದು ಒಂದುಗೂಡುವರು.

ಆಪತ್ತು ಕಳೆಯಿತೆಂದು ಓದುಗನು ಉಸಿರು ಬಿಡುವ ಹೊತ್ತಿಗೆ ನಿಜವಾದ ಆಪತ್ತು ಬರುವುದು. ಒಂದು ಹರಿದಾರಿಯನ್ನೂ ನಡೆದಿಲ್ಲ, ಒಂದು ಕ್ರೋಶ ಮಾತ್ರ. ನಡೆದು ಅಭ್ಯಾಸವಿಲ್ಲದ ದ್ರೌಪದಿಯು ಗಾಳಿಮಳೆಗಳಿಂದ ಬಸವಳಿದು, ಎರಡು ಕೈಗಳನ್ನೂ ತೊಡೆಗಳ ಮೇಲೆ ಊರಿ ನಿಲ್ಲಲು ನೋಡಿ, ನಿಲ್ಲಲಾರದೆ ನಡುಗುತ್ತ ಬಾಳೆಯ ಗಿಡದಂತೆ ಬೀಳುವಳು. ಸಂಸ್ಕೃತಕಾವ್ಯಗಳಲ್ಲಿ ಬಾಳೆಯು ಸ್ತ್ರೀಯರ ತೊಡೆಗೆ ಉಪಮಾನವಾಗಿ ಸವೆದುಹೋದ ವಸ್ತು. ಅಭ್ಯಾಸಬಲದಿಂದ ಕವಿಗಳು ಅದನ್ನು ಎಲ್ಲೆಲ್ಲಿಯೂ ನೆಟ್ಟಿರುವರು. ಇಲ್ಲಿಯೂ ತೊಡೆಯುಂಟು, ಬಾಳೆಯೂ ಉಂಟು. ಆದರೆ ಬಾಳೆಯು ಬಂದಿರುವುದು ಚೆಲುವಿಗಲ್ಲ, ಬೀಳುವುದಕ್ಕೆ. ರಸಬಾಳೆಯ ತೋಟಗಳನ್ನು ಕಂಡಿರುವ ನಂಜನಗೂಡಿನವರಿಗೆ ಈ ಉಪಮೆಯ ಬಲವನ್ನು ವಿವರಿಸಬೇಕಾಗಿಲ್ಲ. ಮಾವು ಹಲಸುಗಳು ಗಾಳಿಗೆ ಕೊಂಬೆ ಮುರಿಸಿಕೊಂಡು ಉಳಿಯುವುವು. ಬಾಳೆಗೆ ಕೊಂಬೆಯಿಲ್ಲ, ಮಳೆಗೆ ನೆನೆದ ನೆಲದಲ್ಲಿ ಗಾಳಿ ಬೀಸಿದರೆ ಗೊನೆಯ ಭಾರದೊಡನೆ ಬುಡಸಹಿತ ಒರಗುವುದು. ಹಿಂದೆ ಸಭೆಯಲ್ಲಿಯೂ ವನದಲ್ಲಿಯೂ ಎಷ್ಟನ್ನು ಹೊತ್ತವಳು ಇವಳು ಎಂಬುದನ್ನು ನೆನೆದರೆ ಗೊನೆಯ ಮಾತು ಇನ್ನಷ್ಟು ಒಪ್ಪುವುದು.

ಬಿದ್ದವಳನ್ನು ನಕುಲನು ಓಡಿಬಂದು ಹಿಡಿಯುವನು. ಧರ್ಮರಾಯನು ಅವಳನ್ನು ತೊಡೆಯ ಮೇಲೆ ಮಲಗಿಸಿಕೊಂಡು ಗೋಳಿಡುವನು: ಭದ್ರವಾದ ಮನೆಗಳಲ್ಲಿ ಹಾಸಿದ ಮಂಚದ ಮೇಲೆ ಮಲಗತಕ್ಕವಳು ನೆಲದ ಮೇಲೆ ಬಿದ್ದಿರುವಳಲ್ಲ, ಜೂಜಿನ ಆಸೆಯಿಂದ ನಾನು ಮಾಡಿದುದಲ್ಲವೆ ಇದು, ಪಾಂಡವರನ್ನು ಕೈಹಿಡಿದು ಸುಖದಲ್ಲಿರಲೆಂದು ದ್ರುಪದನು ಇವಳನ್ನು ಕೊಟ್ಟನಲ್ಲ ಎಂದು. ದ್ಯೂತದ ದಿನ ಸಭೆಯಲ್ಲಿ ಆಡದೆ ಉಳಿದ ಮಾತು ಬೆಟ್ಟದ ಮೇಲೆ, ಮಳೆಯಲ್ಲಿ ತೊಯ್ದ ಹೆಂಡತಿಯ ಮುಖವನ್ನು ನೋಡುತ್ತ ಹೊರಬೀಳುವುದು. ಇನ್ನು ಅವಳಿಗಳು ಅವಳ ಕೆಂಪಾದ ಅಂಗಾಲುಗಳನ್ನು ಮೆಲ್ಲಗೆ ಒತ್ತುವರು. ಒತ್ತುವ ಕೈಗಳು ಬಿಲ್ಲಿನ ಹೆದೆ ತಾಗಿ ಜಡ್ಡುಗಟ್ಟಿದ ಕೈಗಳೆಂದು ವ್ಯಾಸರು ಸೇರಿಸುವರು. ಹದಿನೆಂಟು ಪರ್ವಗಳಲ್ಲಿ ಆ ಜಡ್ಡುಗಳಿಗೆ ಯುದ್ಧದ ಕೆಲಸ ಬೇಕಾದಷ್ಟುಂಟು. ಕಾಲೊತ್ತುವ ಕೆಲಸಕ್ಕೆ ಅವು ಬಂದಿರುವ ಈ ಎಡೆಯ ಮುಂದೆ ಎಷ್ಟೋ ಶೌರ್ಯವರ್ಣನೆಗಳು ಸಪ್ಪೆಯಾಗಿ ತೋರುವುವು. ಅವಳು ಎಚ್ಚತ್ತುದು ಏತರಿಂದ? ತಣ್ಣನೆಯ ಕೈಗಳ ಸ್ಪರ್ಶದಿಂದ; ನೀರಿನ ಹನಿ ಬೆರೆತ ತಂಪಾದ ಗಾಳಿಯಿಂದ. ಕೆಡವಿದ ಗಾಳಿಯೇ ಎಬ್ಬಿಸಿತು. ಈ ಗಾಳಿಯ ಮಾತನ್ನು ವಾಚಕರು ನೆನಪಿನಲ್ಲಿಡಬೇಕು.

ಮುಂದೆ ಘಟೋತ್ಕಚನು ಬರುವನು. ನಿನ್ನ ತಾಯಿ ದಣಿದಿರುವಳು, ಅವಳಿಗೆ ನೋವಾಗದಂತೆ ಹೊತ್ತು ನಡೆ ಎಂದು ಭೀಮನು ಹೇಳುವನು. ಹಿಡಿಂಬೆಯ ಮಗನಿಗೆ ದ್ರೌಪದಿಯನ್ನು ತಾಯಿಯೆಂದು ತೋರಿಸಿಕೊಡುವುದರಲ್ಲಿ ಒಂದು ಮನೆತನದ ಮರ್ಯಾದೆಯೇ ಅಡಗಿದೆ. ರಾಕ್ಷಸರ ಹೆಗಲ ಮೇಲೆ ಎಲ್ಲರೂ ಬದರಿಯನ್ನು ಸೇರುವರು. ಸೌಗಂಧಿಕದ ಕಥೆ ಆಮೇಲಿನದು.

ಉತ್ತರದ ಮಳೆಯನ್ನೂ ಹಿಮವನ್ನೂ ಇನ್ನೂ ಚೆಲುವಾಗಿ ಬರೆದ ಕವಿಗಳಿಲ್ಲವೆ ಎಂದರೆ, ಉಂಟು. ಕಾಳಿದಾಸನ ಮೇಘವು ರಾಮಗಿರಿಯಿಂದ ಅಲಕೆಯವರೆಗೆ ಉತ್ತರದ ದಾರಿಯನ್ನೇ ಹಿಡಿಯುವುದು. ದಣಿದಾಗ ಶಿಖರಗಳ ಮೇಲೆ ಕಾಲಿಡುವುದೆಂದು ಕವಿ ಹೇಳಿದರೂ ಅದಕ್ಕೆ ಕಾಲಿಲ್ಲ, ನೋವಿಲ್ಲ. ಮಿಂಚೊಂದನ್ನು ಬಿಟ್ಟರೆ ಸಂಗಾತಿಯಿಲ್ಲ. ಕುಮಾರಸಂಭವದ ಮೊದಲಲ್ಲಿ ಹಿಮವು ಆ ಪರ್ವತಕ್ಕೆ ದೋಷವಲ್ಲವೆಂದು ಕವಿ ಸಮರ್ಥಿಸುವನು. ಗುಣಗಳ ರಾಶಿಯಲ್ಲಿ ಅದೊಂದು ಮುಳುಗಿಹೋಗುವುದಂತೆ. ದೂರದಿಂದ ನೋಡುವವನಿಗೆ ಈ ಮಾತು ಸರಿ. ಬರಿಗಾಲಿನಲ್ಲಿ ನಡೆಯುವವರನ್ನು ಕೇಳಿದರೆ ಬೇರೆ ಉತ್ತರ ಬಂದೀತು. ಭಾರವಿಯ ಐದನೆಯ ಸರ್ಗದ ಹಿಮಾಲಯವಂತೂ ಯಮಕಗಳ ಕಣಿವೆ. ಪಾಠಶಾಲೆಯ ವಿದ್ಯಾರ್ಥಿಗೆ ಅಲ್ಲಿ ಬೆವರು ಬರುವುದೇ ಹೊರತು ಚಳಿಯಾಗುವುದಿಲ್ಲ. ಇದು ಆ ಕವಿಗಳ ನಿಂದೆಯಲ್ಲ; ಒಂಟಿಯಾಗಿ ಹೋಗುವ ಮೇಘಕ್ಕೂ ಒಂಟಿಯಾಗಿ ತಪಸ್ಸಿಗೆ ಹೋಗುವ ಅರ್ಜುನನಿಗೂ ಹಿಂದೆ ಉಳಿಯುವವರ ಚಿಂತೆಯಿಲ್ಲವೆಂಬುದೇ ಭೇದ. ಗುಂಪಿನ ಯಾತ್ರೆಯನ್ನು ಬರೆಯುವವನ ಪರೀಕ್ಷೆ ಶಿಖರದಲ್ಲಿ ಅಲ್ಲ, ಹಿಂದೆ ಬಿದ್ದವರ ಬಳಿಯಲ್ಲಿ.

ಕನ್ನಡ ಕವಿಗಳ ಕಡೆಗೆ ತಿರುಗಿದರೆ ಒಂದು ವಿಶೇಷವು ಕಾಣುವುದು. 941ರಲ್ಲಿ ಪಂಪನು ಬರೆದ ವಿಕ್ರಮಾರ್ಜುನವಿಜಯವು ಅರ್ಜುನನ ಪಟ್ಟಾಭಿಷೇಕದಲ್ಲಿ ಮುಗಿಯುವುದು. ರನ್ನನ ಗದಾಯುದ್ಧದ ಕೊನೆಯಲ್ಲಿ ಪಟ್ಟ ಭೀಮನಿಗೆ. ಕುಮಾರವ್ಯಾಸನು ಹತ್ತು ಪರ್ವಗಳನ್ನು ಹಾಡಿ ಧರ್ಮರಾಯನಿಗೆ ಪಟ್ಟವನ್ನು ಕಟ್ಟಿ ನಿಲ್ಲಿಸುವನು. ಯಾರ ತಲೆಯ ಮೇಲೆ ಕಿರೀಟವೆಂಬುದರಲ್ಲಿ ಮೂವರಿಗೂ ಭಿನ್ನಾಭಿಪ್ರಾಯವಿದ್ದರೂ, ಕಿರೀಟದಲ್ಲಿ ಮುಗಿಯಬೇಕೆಂಬುದರಲ್ಲಿ ಮೂವರೂ ಒಂದೇ. ಕನ್ನಡದ ಮೂರು ಮಹಾಭಾರತಕಾವ್ಯಗಳಲ್ಲಿ ಒಂದಾದರೂ ಆ ಕೊನೆಯ ಉತ್ತರದ ದಾರಿಯನ್ನು ತುಳಿಯಲಿಲ್ಲ.

ಪಂಪರನ್ನರು ಆಶ್ರಯದಾತರಾದ ಅರಸರನ್ನು ಕಥಾನಾಯಕರೊಡನೆ ಸಮೀಕರಿಸಿದವರು. ಅರಿಕೇಸರಿಯನ್ನು ಸಿಂಹಾಸನದಿಂದ ಎಬ್ಬಿಸಿ ಹಿಮದ ದಾರಿಯಲ್ಲಿ ಕೆಡವುವುದು ಆಸ್ಥಾನಕವಿಗೆ ಸಾಧ್ಯವೂ ಅಲ್ಲ, ಉಚಿತವೂ ಅಲ್ಲ. ಪಂಪನಲ್ಲಿ ದ್ರೌಪದಿಯು ಅರ್ಜುನನೊಬ್ಬನ ಹೆಂಡತಿಯಾಗಿರುವುದರಿಂದ, ಮಹಾಪ್ರಸ್ಥಾನದಲ್ಲಿ ಅವಳು ಬೀಳುವುದಕ್ಕೆ ಹೇಳುವ ಕಾರಣವೇ ಅಲ್ಲಿ ಹುಟ್ಟದು. ಕುಮಾರವ್ಯಾಸನ ವಿಷಯ ಬೇರೆ. ಅವನು ತಾನು ಹೇಳುವುದು ಕೃಷ್ಣನ ಕಥೆಯೆಂದು ಮೊದಲೇ ಸಾರಿದವನು. ಕೃಷ್ಣಕಥೆಯನ್ನು ಮುಂದುವರಿಸಿದರೆ ಮೌಸಲಪರ್ವವನ್ನು ಹಾಡಬೇಕು. ಬೇಡನ ಬಾಣಕ್ಕೆ ಸಿಕ್ಕಿದ ಕೃಷ್ಣನನ್ನು ಹಾಡಬೇಕು. ಗದುಗಿನ ವೀರನಾರಾಯಣನ ಕಿಂಕರನಾದವನ ನಾಲಗೆಗೆ ಅದು ಬಾರದೆ ಹೋದುದರಲ್ಲಿ ಆಶ್ಚರ್ಯವಿಲ್ಲ. ಕೃಷ್ಣದೇವರಾಯನ ಕಾಲದಲ್ಲಿ ತಿಮ್ಮಣ್ಣಕವಿಯು ಉಳಿದ ಪರ್ವಗಳನ್ನು ಬರೆದು ಪೂರೈಸಿದನು; ಆದರೆ ಗಮಕಿಗಳ ಕಂಠದಲ್ಲಿ ಅವನಿಗೆ ಕುಮಾರವ್ಯಾಸನ ಸ್ಥಾನ ದೊರೆಯಲಿಲ್ಲ. ಮೈಸೂರಿನಲ್ಲಿ ಮುಮ್ಮಡಿ ಕೃಷ್ಣರಾಜ ಒಡೆಯರ ಕಾಲದ ಕೃಷ್ಣರಾಜವಾಣೀವಿಲಾಸವು ಗದ್ಯದಲ್ಲಿ ಭಾರತವನ್ನು ತಂದಿತು. 1950ರಲ್ಲಿ ಪ್ರಕಟವಾದ ಎ. ಆರ್. ಕೃಷ್ಣಶಾಸ್ತ್ರಿಗಳ ವಚನಭಾರತವು ಮನೆಮನೆಯನ್ನೂ ಸೇರಿತು. ಆದರೆ ಗದ್ಯವನ್ನು ಒಬ್ಬೊಬ್ಬರೇ ಓದಿಕೊಳ್ಳುವರು; ಹತ್ತು ಮಂದಿ ಕುಳಿತು ಕೇಳುವುದು ಷಟ್ಪದಿಯನ್ನೇ.

ಇದರ ಫಲವೇನಾಯಿತು? ಮೊದಲನೆಯ ಯಾತ್ರೆಯು ಒಂಟಿಯಾಗಿ ಉಳಿಯಿತು. ಒಂಟಿಯಾಗಿ ಉಳಿದುದರಿಂದ ಅದರ ತೂಕವೂ ಇಳಿಯಿತು. ಗಂಧಮಾದನವೆಂದೊಡನೆ ಕೇಳುವವರ ಮನಸ್ಸಿಗೆ ಬರುವುದು ಹೂವು. ಹೂವನ್ನು ತರಹೋದ ಭೀಮನು ಹನುಮಂತನ ಬಾಲವನ್ನು ಎತ್ತಲಾರದೆ ನಾಚಿದ ಪ್ರಸಂಗ. ಕುಮಾರವ್ಯಾಸನ ಉತ್ಸಾಹವೂ ಗಮಕಿಯ ಉತ್ಸಾಹವೂ ಅಲ್ಲಿ ಕೂಡಿ ಸಭೆ ನಗೆಯಿಂದ ತುಂಬುವುದು. ನಗಬಾರದೆಂದಲ್ಲ. ಹೂವನ್ನು ಬೇಡಿದವಳು ಕೆಲವೇ ದಿನಗಳ ಹಿಂದೆ ಬಾಳೆಯಂತೆ ಬಿದ್ದು ಎದ್ದವಳೆಂಬುದು ನೆನಪಿನಲ್ಲಿದ್ದರೆ ಆ ಬೇಡಿಕೆಯ ಸ್ವರೂಪವೇ ಬೇರೆಯಾಗುವುದು. ಅದು ರಾಣಿಯ ಚಪಲವಲ್ಲ. ಸಾವಿನ ಹತ್ತಿರದಿಂದ ಹಿಂತಿರುಗಿದವಳಿಗೆ ಮತ್ತೆ ಆಸೆ ಹುಟ್ಟಿತೆಂಬ ಶುಭವಾರ್ತೆ. ಭೀಮನು ಒಂದು ಮಾತನ್ನೂ ಆಡದೆ ಗದೆಯನ್ನು ಎತ್ತಿಕೊಂಡು ಹೊರಟುದು ಏಕೆಂಬುದು ಆಗ ತಿಳಿಯುವುದು.

ಎರಡನೆಯ ಯಾತ್ರೆಯಲ್ಲಿ ಎಲ್ಲವೂ ಬೇರೆ. ನಾರುಮಡಿಯುಟ್ಟ ಐವರು, ದ್ರೌಪದಿ, ಹಿಂದೆ ಬರುವ ಒಂದು ನಾಯಿ. ಪೂರ್ವಕ್ಕೆ ನಡೆದು, ದಕ್ಷಿಣವನ್ನು ಸುತ್ತಿ, ಪಶ್ಚಿಮದಲ್ಲಿ ಕಡಲು ನುಂಗಿದ ದ್ವಾರಕೆಯನ್ನು ಕಂಡು, ಉತ್ತರಕ್ಕೆ ತಿರುಗುವರು. ಪಾಂಡವರು ಹಿಮದಲ್ಲಿ ಬಿದ್ದರೆಂದು ಲೋಕದ ಮಾತು; ಚಿತ್ರಗಳಲ್ಲಿಯೂ ಬಿಳಿಯ ಬೆಟ್ಟಗಳನ್ನೇ ಬರೆಯುವರು. ಮೂಲದಲ್ಲಿ ಹಿಮದ ವರ್ಣನೆಯಿಲ್ಲ. ಹಿಮವಂತವನ್ನು ದಾಟಿದರು, ಮರಳಿನ ಕಡಲನ್ನು ಕಂಡರು, ಮೇರುವನ್ನು ಕಂಡರು ಎಂದಿಷ್ಟೇ. ಗಾಳಿಯಿಲ್ಲ, ಮಳೆಯಿಲ್ಲ, ಮರಗಳ ಸದ್ದಿಲ್ಲ. ಗಂಧಮಾದನದಲ್ಲಿ ಯಾರು ಯಾವ ಮರದ ಬುಡದಲ್ಲಿ ನಿಂತರೆಂದು ಹೇಳಿದ ಅದೇ ವ್ಯಾಸರು ಇಲ್ಲಿ ಹವೆಯ ಮಾತನ್ನೇ ಎತ್ತುವುದಿಲ್ಲ. ಆ ಮೌನಕ್ಕಿಂತ ಹೆಚ್ಚಿನ ಚಳಿಯನ್ನು ಯಾವ ವರ್ಣನೆಯೂ ಹುಟ್ಟಿಸಲಾರದು.

ಯೋಗದಲ್ಲಿ ಮನಸ್ಸಿಟ್ಟು ಬೇಗಬೇಗನೆ ನಡೆಯುತ್ತಿರುವಾಗ ದ್ರೌಪದಿಯು ಬೀಳುವಳು. ನಕುಲನು ಓಡಿಬರುವುದಿಲ್ಲ. ತೊಡೆಯಿಲ್ಲ, ಜಿಂಕೆಯ ಚರ್ಮದ ಹಾಸಿಲ್ಲ, ಜಡ್ಡುಗಟ್ಟಿದ ಕೈಗಳಿಲ್ಲ. ಹೊರುವೆನೆಂದು ಹಿಂದೆ ಮಾತು ಕೊಟ್ಟ ಭೀಮನು ಮಾತ್ರ, ಯಾವ ಅಧರ್ಮವನ್ನೂ ಮಾಡದ ಇವಳು ಬಿದ್ದುದೇಕೆ ಎಂದು ಕೇಳುವನು. ಅರ್ಜುನನಲ್ಲಿ ಇವಳಿಗೆ ಪಕ್ಷಪಾತವಿದ್ದಿತು, ಅದರ ಫಲವಿದು ಎಂದು ಹೇಳಿ ಧರ್ಮರಾಯನು ತಿರುಗಿ ನೋಡದೆ ನಡೆಯುವನು. ಸಹದೇವನು ಜ್ಞಾನದ ಗರ್ವದಿಂದ ಬಿದ್ದನು, ನಕುಲನು ರೂಪದ ಗರ್ವದಿಂದ, ಅರ್ಜುನನು ಒಂದೇ ದಿನದಲ್ಲಿ ಶತ್ರುಗಳನ್ನು ಸುಡುವೆನೆಂಬ ಆಡಂಬರದಿಂದ. ಕೊನೆಗೆ ಕೇಳುತ್ತ ಬಂದ ಭೀಮನೇ ಬಿದ್ದು, ತಾನು ಬಿದ್ದುದೇಕೆಂದು ಕೇಳಿ, ಊಟದ ಮಿತಿಯಿಲ್ಲದುದರಿಂದಲೂ ಬಲದ ಬಡಾಯಿಯಿಂದಲೂ ಎಂಬ ಉತ್ತರವನ್ನು ಪಡೆಯುವನು.

ಈ ಉತ್ತರಗಳನ್ನು ಕುರಿತು ಎರಡು ಬಗೆಯ ಅಭಿಪ್ರಾಯಗಳು ರೂಢಿಯಲ್ಲಿವೆ. ಇವು ಧರ್ಮದ ನಿರ್ಣಯಗಳು, ಅಲ್ಪದೋಷಕ್ಕೂ ಫಲವುಂಟೆಂಬುದಕ್ಕೆ ನಿದರ್ಶನಗಳು ಎಂದು ಪುರಾಣ ಹೇಳುವವರ ಪಕ್ಷ. ಧರ್ಮರಾಯನು ಕೊನೆಗೆ ಕಲ್ಲಾದನು, ಹೆಂಡತಿ ಬಿದ್ದರೂ ಲೆಕ್ಕ ಹೇಳಿದನು ಎಂದು ಹೊಸಬರ ಪಕ್ಷ. ಎರಡು ಪಕ್ಷಗಳೂ ಮೂರೇ ಅಧ್ಯಾಯಗಳಿರುವ ಆ ಪರ್ವದ ಮೂರನೆಯ ಅಧ್ಯಾಯವನ್ನು ಸಾವಧಾನವಾಗಿ ಓದಿದಂತೆ ತೋರುವುದಿಲ್ಲ. ಪಕ್ಷಪಾತದ ಮಾತನ್ನೇ ನೋಡಬಹುದು. ಮೊದಲನೆಯ ಯಾತ್ರೆಯ ಉದ್ದೇಶವೇ ಅರ್ಜುನನನ್ನು ಕಾಣುವುದು. ಅವನನ್ನು ಕಾಣಲು ಇವಳು ಬಂದೇ ಬರುವಳೆಂದು ಅಂದು ಭೀಮನು ಎಲ್ಲರೆದುರಿಗೂ ಹೇಳಿದನು. ಯಾರೂ ಅದನ್ನು ದೋಷವೆನ್ನಲಿಲ್ಲ. ಅದೇ ಪ್ರೀತಿಯು ಅಂದು ಹೊರಡುವುದಕ್ಕೆ ಕಾರಣವಾಯಿತು, ಇಂದು ಬೀಳುವುದಕ್ಕೆ ಕಾರಣವೆನಿಸಿತು. ಇದನ್ನು ನಿರ್ಣಯವೆಂದು ಒಪ್ಪುವುದಕ್ಕಿಂತ, ಅಳು ಬಂದರೆ ನಿಂತುಬಿಡುವೆನೆಂದು ಹೆದರಿದವನು ಬಾಯಿಗೆ ಕೊಟ್ಟ ಕೆಲಸವೆಂದು ತಿಳಿಯುವುದು ಹೆಚ್ಚು ಯುಕ್ತ.

ಹೀಗೆಂದು ಊಹಿಸುವುದಕ್ಕೆ ಆಧಾರವೂ ಉಂಟು. ಇಂದ್ರನು ರಥವನ್ನು ತಂದು ಏರೆಂದಾಗ ಧರ್ಮರಾಯನ ಮೊದಲ ಮಾತು ಸ್ವರ್ಗದ ಸಂತೋಷವಲ್ಲ. ಬಿದ್ದಿರುವ ತಮ್ಮಂದಿರು ನನ್ನೊಡನೆ ಬರಲಿ ಎನ್ನುವನು. ಸುಕುಮಾರಿಯೂ ಸುಖಕ್ಕೆ ತಕ್ಕವಳೂ ಆದ ರಾಜಪುತ್ರಿಯೂ ಬರಲಿ ಎನ್ನುವನು. ಸುಕುಮಾರಿ: ಗಂಧಮಾದನದ ಮಳೆಯಲ್ಲಿ ಅವಳು ಬಿದ್ದಾಗ ಬಂದ ಮಾತೇ ಇದು. ತಿರುಗಿ ನೋಡದೆ ನಡೆದವನ ನಾಲಗೆಯ ಮೇಲೆ ಆ ಹಳೆಯ ಮಾತು ಹಾಗೆಯೇ ಉಳಿದಿತ್ತು. ಕಣ್ಣು ತಿರುಗಲಿಲ್ಲ, ಮನಸ್ಸು ತಿರುಗಿಯೇ ಇದ್ದಿತು. ಆಮೇಲೆ ಆಶ್ರಯಿಸಿ ಬಂದ ನಾಯಿಯನ್ನು ಬಿಡುವುದಿಲ್ಲವೆಂದು ರಥವನ್ನೇ ಬೇಡವೆನ್ನುವನು. ತಮ್ಮಂದಿರನ್ನು ಬಿಟ್ಟೆಯಲ್ಲ, ನಾಯಿಯನ್ನು ಬಿಡಲಾರೆಯಾ ಎಂದು ಇಂದ್ರನು ಚುಚ್ಚಿದಾಗ, ಸತ್ತವರನ್ನು ಬದುಕಿಸಲಾರೆನು, ಬದುಕಿರುವಾಗ ಬಿಡಲಿಲ್ಲವೆಂದು ಅವನ ಉತ್ತರ. ಬದುಕಿರುವಾಗ ಬಿಡಲಿಲ್ಲವೆಂಬುದಕ್ಕೆ ಸಾಕ್ಷಿ ಯಾವುದು? ವನಪರ್ವದ ಆ ಮಳೆ. ಅದನ್ನು ಓದದವನಿಗೆ ಈ ಉತ್ತರವು ಬರಿಯ ತರ್ಕವಾಗಿ ಕೇಳುವುದು.

ಸ್ವರ್ಗಾರೋಹಣಪರ್ವವನ್ನೂ ಸೇರಿಸಿಕೊಂಡರೆ ವಿಷಯವು ಪೂರ್ಣವಾಗುವುದು. ತನ್ನವರನ್ನು ಕಾಣದ ಸ್ವರ್ಗವನ್ನು ಒಲ್ಲದೆ ಧರ್ಮರಾಯನು ಅವರಿರುವ ಕಡೆಗೆ ಹೊರಡುವನು. ಕತ್ತಲೆ, ದುರ್ಗಂಧ, ಕೆಸರು. ತಾಳಲಾರದೆ ಹಿಂತಿರುಗುವಾಗ ದೀನವಾದ ಕೂಗುಗಳು ಕೇಳಿಸುವುವು: ಒಂದು ಮುಹೂರ್ತ ನಿಲ್ಲು, ನಿನ್ನ ಮೈಯ ಗಂಧವನ್ನು ಹೊತ್ತ ಪುಣ್ಯವಾದ ಗಾಳಿಯಿಂದ ನಮಗೆ ಸುಖವಾಗುತ್ತಿದೆ ಎಂದು. ಯಾರೆಂದು ಕೇಳಿದರೆ ಕರ್ಣನೆನ್ನುವರು, ಭೀಮನೆನ್ನುವರು, ಅರ್ಜುನನೆನ್ನುವರು, ದ್ರೌಪದಿಯೆನ್ನುವರು. ಧರ್ಮರಾಯನು ದೇವದೂತನನ್ನು ಕಳುಹಿಸಿಬಿಟ್ಟು ಅಲ್ಲಿಯೇ ನಿಲ್ಲುವನು. ಗಂಧಮಾದನದಲ್ಲಿ ಕೆಡವಿದ ಗಾಳಿ, ಹನಿ ಬೆರೆತು ಎಬ್ಬಿಸಿದ ಗಾಳಿ, ಮಹಾಪ್ರಸ್ಥಾನದಲ್ಲಿ ಬೀಸದೆ ಉಳಿದ ಗಾಳಿ, ಇಲ್ಲಿ ಬೀಸುವುದು. ಮಹಾಪ್ರಸ್ಥಾನದಲ್ಲಿ ನಿಲ್ಲದವನು ನಿಂತುದು ಇಲ್ಲಿ.

ಪಟ್ಟಾಭಿಷೇಕಕ್ಕೆ ಮಂಗಳವನ್ನು ಹಾಡಿ ಏಳುವ ಸಭೆಗೆ ಇದಾವುದೂ ಮುಟ್ಟುವುದಿಲ್ಲ. ಮರಣದ ಕಥೆಯನ್ನು ಮನೆಯಲ್ಲಿ ಓದಬಾರದೆಂಬ ಶಂಕೆಯುಂಟು. ಹಿರಿಯರ ಭಾವನೆಯನ್ನು ಹಗುರವಾಗಿ ಕಾಣತಕ್ಕದ್ದಲ್ಲ. ಆದರೆ ಅಭಿಮನ್ಯುವಿನ ವಧೆಯನ್ನೂ ಉಪಪಾಂಡವರ ವಧೆಯನ್ನೂ ಅದೇ ಮನೆಗಳಲ್ಲಿ ದೀಪ ಹಚ್ಚಿಟ್ಟು ಓದಿಸುವರು. ಅವುಗಳಿಗಿಲ್ಲದ ಅಮಂಗಳವು ಪ್ರಾಯ ಕಳೆದು, ಮೊಮ್ಮಗನಾದ ಪರೀಕ್ಷಿತನಿಗೆ ರಾಜ್ಯವನ್ನು ಒಪ್ಪಿಸಿ, ತಾವಾಗಿಯೇ ಹೊರಟವರ ನಡಿಗೆಗೆ ಹೇಗೆ ಬಂದಿತು?

ಬದರಿಯ ಕಡೆಯ ಜನರು ಈ ವಿಷಯದಲ್ಲಿ ಪಂಡಿತರಿಗಿಂತ ಮುಂದೆ ಹೋಗಿದ್ದಾರೆ. ಅವರ ನಂಬಿಕೆಯಲ್ಲಿ ಎರಡು ಯಾತ್ರೆಗಳ ಗುರುತುಗಳೂ ಒಂದೇ ದಾರಿಯಲ್ಲಿವೆ. ಬದರಿಗೆ ಮುಂಚೆ ಸಿಕ್ಕುವ ಹನುಮಾನ್ ಚಟ್ಟಿಯು ಭೀಮನು ಹನುಮಂತನನ್ನು ಕಂಡ ಸ್ಥಳ. ಬದರಿಯಿಂದ ಮುಂದೆ, ಮಾಣಾ ಎಂಬ ಹಳ್ಳಿಯನ್ನು ದಾಟಿ ಹೋಗುವುದು ಸ್ವರ್ಗಾರೋಹಣದ ದಾರಿ. ಆ ಹಳ್ಳಿಯ ಬಳಿ ಭೋರ್ಗರೆದು ಬೀಳುವ ಸರಸ್ವತಿಯ ಮೇಲೆ ಅಡ್ಡಲಾಗಿ ಒಂದು ದೊಡ್ಡ ಬಂಡೆಯಿದೆ. ಅದಕ್ಕೆ ಭೀಮನ ಸೇತುವೆಯೆಂದು ಹೆಸರು. ಕೊನೆಯ ಯಾತ್ರೆಯಲ್ಲಿ ದ್ರೌಪದಿಯು ಆ ನೀರನ್ನು ದಾಟಲಾರದೆ ನಿಂತಾಗ ಭೀಮನು ಅದನ್ನು ಎತ್ತಿ ಹಾಕಿದನಂತೆ. ಮೂಲದಲ್ಲಿ ಈ ಕಥೆಯಿಲ್ಲ. ಮೊದಲನೆಯ ಯಾತ್ರೆಯಲ್ಲಿ ಭೀಮನು ಕೊಟ್ಟ ಮಾತನ್ನು ಜನರು ಮರೆಯಲಿಲ್ಲ. ವ್ಯಾಸರು ಮೌನವಾಗಿದ್ದ ಕಡೆ ಒಂದು ಬಂಡೆಯನ್ನು ಇಟ್ಟರು. ಕಾವ್ಯದೃಷ್ಟಿಯಿಂದ ವ್ಯಾಸರ ಮೌನವೇ ಮೇಲಾದರೂ, ಎರಡು ಯಾತ್ರೆಗಳನ್ನೂ ಕೂಡಿಸಿ ಕೇಳಿದವರ ಕಲ್ಪನೆಯಿದೆಂಬುದರಲ್ಲಿ ಸಂದೇಹವಿಲ್ಲ.

ಕಪಿಲಾತೀರದ ಗಮಕಸಭೆಗಳಲ್ಲಿ ಪಟ್ಟಾಭಿಷೇಕದ ಮರುದಿನ ಇನ್ನೊಂದು ಸಂಜೆಯನ್ನು ಸೇರಿಸುವುದು ಕಷ್ಟವಲ್ಲ. ಮಂಗಳವನ್ನು ಹಿಂದಿನ ದಿನವೇ ಹಾಡಿ ಮುಗಿಸಲಿ, ಪದ್ಧತಿಗೆ ಲೋಪವಿಲ್ಲ. ಷಟ್ಪದಿಯು ಬೇಕೆನ್ನುವವರಿಗೆ ತಿಮ್ಮಣ್ಣಕವಿಯುಂಟು, ಗದ್ಯವಾದರೂ ಆದೀತೆನ್ನುವವರಿಗೆ ವಚನಭಾರತವುಂಟು. ಮೊದಲು ಅರಣ್ಯಪರ್ವದ ಮಳೆಯ ಭಾಗವನ್ನು ಮೂಲದಿಂದ ಕನ್ನಡಿಸಿ ಹೇಳಿ, ಅನಂತರ ಮಹಾಪ್ರಸ್ಥಾನದ ಆ ಮೂರು ಅಧ್ಯಾಯಗಳನ್ನು ಓದಿಸಿದರೆ, ರಾತ್ರಿಯ ಊಟದ ಹೊತ್ತಿಗೆ ಮುಂಚೆಯೇ ಓದು ಮುಗಿಯುವುದು.